ತೂಗದ ಮೂರು ದಿನ

ಮಾರ್ಚ್ 3, ಸೋಮವಾರ

ಈ ಪುಸ್ತಕ ವೇಬ್ರಿಡ್ಜಿನದು, ಅಂದರೆ ಲಾರಿ ತೂಗುವ ಕಾಟಾದ್ದು. ನಿವೃತ್ತಿಯ ದಿನ ಭಾಷಣ ಮಾಡಿ, ಒಂದು ಕೈಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ಆರೇ ತಿಂಗಳಿಗೆ ನಿಂತಿತು. ಯಾರನ್ನೂ ಕೇಳದೆ ಕಂಕುಳಲ್ಲಿ ಇಟ್ಟುಕೊಂಡು ಬಂದ ಈ ಖಾಲಿ ರಿಜಿಸ್ಟರು ಮಾತ್ರ ಇನ್ನೂ ಗಟ್ಟಿಯಾಗಿದೆ. ಕೊಟ್ಟದ್ದಕ್ಕಿಂತ ಎತ್ತಿಕೊಂಡದ್ದೇ ಬಾಳಿಕೆ ಬರುತ್ತದೆ. ಪುಟಕ್ಕೆ ನಾಲ್ಕು ಖಾನೆ: ಗಾಡಿಯ ನಂಬರು, ತುಂಬಿದ ತೂಕ, ಖಾಲಿ ತೂಕ, ನಿವ್ವಳ. ನಾನು ಅಡ್ಡಗೆರೆಗಳ ಮೇಲೆಯೇ ಬರೆಯುತ್ತೇನೆ. ಗೆರೆಗೆ ಹೆದರುವವನು ನಾನಲ್ಲ.

ಮೂವತ್ತೊಂದು ವರ್ಷ ಲಾರಿ ತೂಗಿದ್ದೇನೆ. ತಿರುವಿನಲ್ಲಿ ಬರುವಾಗಲೇ ಟೈರು ಎಷ್ಟು ಕೂತಿದೆ ನೋಡಿ ತೂಕ ಹೇಳಿಬಿಡುತ್ತಿದ್ದೆ. ಕಾಟಾ ಆಮೇಲೆ ನನ್ನ ಮಾತಿಗೆ ಸಹಿ ಹಾಕುತ್ತಿತ್ತು, ಅಷ್ಟೆ. ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಏಳೂ ತರಗತಿ ಒಟ್ಟಿಗೆ. ಹಾಗಾಗಿ ಏಳನೆಯದರ ಪಾಠವನ್ನು ನಾನು ಒಂದರಲ್ಲೇ ಕೇಳಿ ಮುಗಿಸಿದ್ದೆ. ಇಂಥ ವಿದ್ಯಾವಂತ ಈ ಬೀದಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ. ಚಿಕ್ಕವರು ದೊಡ್ಡವರು ಎಲ್ಲರಿಗೂ ನಾನು ಕಾಟಾ ಮಾವ.

ಇಷ್ಟು ದಿನ ನನ್ನ ಬಡಾಯಿ ಕೇಳಲು ಅಕ್ಕ ಇದ್ದಳು. "ಹೂಂ ಹೂಂ, ಇನ್ನೂ ಎರಡು ಚಕ್ರ ಸೇರಿಸ್ಕೋ, ಲೋಡು ಜಾಸ್ತಿ ಆಯ್ತು" ಅನ್ನುತ್ತಿದ್ದಳು. ಅಕ್ಕ ಹೋಗಿ ಇವತ್ತಿಗೆ ಹದಿಮೂರು ದಿನ. ಬಡಾಯಿ ಒಳಗೇ ಉಳಿದರೆ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಈ ಪುಸ್ತಕ.

ಮನೆಯಲ್ಲಿ ಈಗ ಇಬ್ಬರು. ನಾನು, ಅಕ್ಕನ ಮಗಳು. ಅವಳನ್ನು ಗುಬ್ಬಿ ಅನ್ನುತ್ತೇವೆ; ಮೂವತ್ತಮೂರು ವರ್ಷವಾದರೂ ಗುಬ್ಬಿಯೇ. ಹಜಾರದಲ್ಲಿ ಕಂಪ್ಯೂಟರಿನ ಎರಡು ಪರದೆ ಇಟ್ಟುಕೊಂಡು ಲೈಬ್ರರಿ ನೋಡಿಕೊಳ್ಳುತ್ತಾಳೆ. ಪುಸ್ತಕ ಒಂದೂ ಇಲ್ಲದ ಲೈಬ್ರರಿ. ಕೇಳಿದ್ದಕ್ಕೆ, "ಅದು ಲೆಕ್ಕದ ಸಾಮಾನುಗಳ ಪೆಟ್ಟಿಗೆ ಮಾವ. ರಾಶಿ ರಾಶಿ ಅಂಕಿ ಇರೋರು ನಮ್ಮ ಪೆಟ್ಟಿಗೆಯಿಂದ ಬೇಕಾದ ಸಾಮಾನು ತಗೊಂಡು ಕೆಲಸ ಮಾಡ್ಕೋತಾರೆ" ಅಂದಿದ್ದಳು. ಸುತ್ತಿಗೆ, ಇಕ್ಕಳ ಇದ್ದ ಹಾಗೆ. ಹಾಗಾದರೆ ಗರಾಜು ಅನ್ನಬೇಕಿತ್ತು.

ಅವಳು ಹದಿಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಅಕ್ಕನ ಚಪ್ಪಲಿ ಬಾಗಿಲ ಹತ್ತಿರವೇ ಇದೆ. ಇಬ್ಬರೂ ದಾಟಿಕೊಂಡು ಓಡಾಡುತ್ತೇವೆ.

ನಿವ್ವಳ: ಸೊನ್ನೆ.


ಮಾರ್ಚ್ 5, ಬುಧವಾರ

ಬೆಳಿಗ್ಗೆ ಗುಬ್ಬಿ ಕರೆದಳು. ಆಸ್ಪತ್ರೆಯಿಂದ ಅಕ್ಕನ ತೂಕದ ಪಟ್ಟಿ ತರಿಸಿಕೊಂಡಿದ್ದಾಳೆ.

ವಿಷಯ ಇದು. ಅಕ್ಕನ ಹೃದಯ ಎರಡು ವರ್ಷದಿಂದ ಸೋತಿತ್ತು. ಹೃದಯ ಸೋತವರಿಗೆ ಮೈಯಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ತೂಕ ಏರುತ್ತದೆ. ಒಂದೆರಡು ದಿನದಲ್ಲಿ ಎರಡು ಕಿಲೋ ಏರಿದರೆ ಕೂಡಲೇ ಆಸ್ಪತ್ರೆಗೆ ಕರೆಸಿಕೊಂಡು ನೀರು ಇಳಿಸಬೇಕು. ಅದಕ್ಕೇ ಆಸ್ಪತ್ರೆಯವರು ಮನೆಗೊಂದು ತೂಕದ ಯಂತ್ರ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಹತ್ತಿ ನಿಂತರೆ ಯಂತ್ರ ತಾನೇ ಫೋನಿಗೆ ತೂಕ ಕಳಿಸುತ್ತದೆ, ಫೋನು ಆಸ್ಪತ್ರೆಗೆ ಕಳಿಸುತ್ತದೆ. ಅಲ್ಲಿ ಇವತ್ತಿನ ತೂಕವನ್ನು ನಿನ್ನೆಯದರಿಂದ ಭಾಗಿಸಿ ನೋಡುತ್ತಾರೆ. ಹೆಚ್ಚಾಗಿದ್ದರೆ ನರ್ಸಮ್ಮನಿಗೆ ಗಂಟೆ ಹೊಡೆಯುತ್ತದೆ.

ಆ ಭಾಗಾಕಾರ ಗುಬ್ಬಿಯ ಪೆಟ್ಟಿಗೆಯ ಸಾಮಾನು. ನಾಲ್ಕು ವರ್ಷದ ಹಿಂದೆ ಅವಳೇ ಬರೆದದ್ದು.

ಪರದೆಯ ಮೇಲೆ ಬೆರಳಿಟ್ಟು ಓದಿದಳು. "ಫೆಬ್ರವರಿ ಹತ್ತು, ಅರವತ್ತೊಂದೂವರೆ. ಹನ್ನೊಂದು, ಸೊನ್ನೆ. ಹನ್ನೆರಡು, ಸೊನ್ನೆ. ಹದಿಮೂರು, ಸೊನ್ನೆ. ಹದಿನಾಲ್ಕು, ಅರವತ್ತನಾಲ್ಕೂ ಕಾಲು."

ನಾನು ಗೋಡೆ ನೋಡಿದೆ.

"ಅರವತ್ತನಾಲ್ಕೂ ಕಾಲನ್ನ ಸೊನ್ನೆಯಿಂದ ಭಾಗಿಸಿದ್ರೆ ಎಷ್ಟು ಮಾವ?"

"ಅದು ಆಗಲ್ಲ. ಮೇಷ್ಟ್ರು ಬೆತ್ತ ತಗೋತಿದ್ರು."

"ನಾನು ಬೆತ್ತ ತಗೋಳ್ಲಿಲ್ಲ. ಉತ್ತರ ಬರದೇ ಇದ್ರೆ 'ವ್ಯತ್ಯಾಸ ಇಲ್ಲ' ಅಂತ ಹೇಳಿಬಿಡು ಅಂತ ಬರೆದೆ. ಲೆಕ್ಕ ಮಧ್ಯದಲ್ಲಿ ನಿಲ್ಲಬಾರ್ದು, ಯಾರಿಗೂ ತೊಂದರೆ ಆಗಬಾರ್ದು ಅಂತ." ಅವಳ ದನಿ ಸಣ್ಣಗಾಯಿತು. "ಮೂರು ಕಿಲೋ ಹತ್ತಿರ ಏರಿತ್ತು ಮಾವ. ನನ್ನ ಸಾಮಾನು ಆಸ್ಪತ್ರೆಗೆ 'ಏನೂ ವ್ಯತ್ಯಾಸ ಇಲ್ಲ' ಅಂದಿದೆ. ಆಮೇಲೆ ದಿನಾ ಚೂರು ಚೂರೇ ಏರಿದ್ದಕ್ಕೆ ಗಂಟೆ ಹೊಡೀಲೇ ಇಲ್ಲ. ನಾಲ್ಕು ದಿನಕ್ಕೆ ಅಮ್ಮ ಹೋದ್ಳು."

ಆಮೇಲೆ ಕೇಳಿದಳು: "ಆ ಮೂರು ದಿನ ಯಂತ್ರ ಯಾಕೆ ಸೊನ್ನೆ ಕಳಿಸ್ತು?"

"ಕೆಟ್ಟಿರ್ಬೇಕು" ಅಂದೆ. "ಈಗಿನ ಯಂತ್ರಗಳು. ನಮ್ಮ ಕಾಟಾ ಥರ ಅಲ್ಲ."

ಯಂತ್ರ ಕೆಟ್ಟಿರಲಿಲ್ಲ. ಸೊನ್ನೆ ಒತ್ತಿದವನು ನಾನು. ಮೂರು ದಿನವೂ. ಈ ಬೆರಳಿನಿಂದ.


ಮಾರ್ಚ್ 6, ಗುರುವಾರ

ಪುಸ್ತಕಕ್ಕಾದರೂ ಸರಿಯಾಗಿ ಹೇಳಬೇಕು.

ಹನ್ನೊಂದರ ಬೆಳಿಗ್ಗೆ ಅಕ್ಕ ಮಂಚದಿಂದ ಇಳಿಯಲಿಲ್ಲ. "ಇವತ್ತು ಬೇಡ ಕಣೋ. ಕಾಲು ನೋಯುತ್ತೆ. ಆ ಹಲಗೆ ಮೇಲೆ ನಿಲ್ಲೋದಂದ್ರೆ ದಿನಾ ಪರೀಕ್ಷೆಗೆ ಕೂತ ಹಾಗೆ ಆಗ್ತದೆ" ಅಂದಳು. ಗುಬ್ಬಿ ಹಜಾರದಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಯಾರ ಜೊತೆಗೋ ಮಾತಾಡುತ್ತಿದ್ದಳು. ನಾನು ಕಳ್ಳದನಿಯಲ್ಲಿ, "ಇಸ್ಪೀಟಲ್ಲಿ ನನ್ನನ್ನ ಸೋಲಿಸಿದ್ರೆ ರಜ" ಅಂದೆ. ಅಕ್ಕನ ಕಣ್ಣು ಹುಡುಗಿಯ ಕಣ್ಣಾಯಿತು. ದಿಂಬಿಗೆ ಒರಗಿ ಕೂತು ಮೂರಾಟ ಗೆದ್ದಳು. ಇನ್ನೆರಡು ದಿನವೂ ಅದೇ ಪಂಥ, ಅದೇ ಗೆಲುವು. ನಾನು ಬೇಕೆಂದೇ ಸೋತೆ ಅಂತ ಇಲ್ಲಿ ಬರೆಯಬೇಕೆಂದಿದ್ದೆ. ಇಲ್ಲ. ನಿಜವಾಗಿಯೇ ಸೋತೆ.

ಯಂತ್ರದಿಂದ ತೂಕ ಬಾರದಿದ್ದರೆ ಹತ್ತು ಗಂಟೆಗೆ ಫೋನೇ ಕೇಳುತ್ತದೆ, ಇವತ್ತಿನ ತೂಕ ಎಷ್ಟು ಅಂತ. ಕೈಯಿಂದ ಒತ್ತಬೇಕು. ಖಾನೆ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ, ಕೆಂಪಗೆ ಕಣ್ಣು ಬಿಡುತ್ತದೆ. ನಿನ್ನೆಯ ಅಂಕಿಯನ್ನೇ ಹಾಕಬಹುದಿತ್ತು. ಹಾಕಲಿಲ್ಲ. ಇಲ್ಲದ ತೂಕ ಬರೆದ ಕೈ ಇದಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಬರೆದಿಲ್ಲ, ಎಂಥೆಂಥ ಮಾಲೀಕರು ಬಂದು ಹೆಗಲ ಮೇಲೆ ಕೈ ಹಾಕಿದರೂ. ಕಾಟಾದ ಮೇಲೆ ಗಾಡಿ ಇಲ್ಲದಾಗ ಮುಳ್ಳು ಎಲ್ಲಿರುತ್ತದೆ? ಸೊನ್ನೆಯಲ್ಲಿ. ಸೊನ್ನೆ ಅಂದರೆ ಯಾರೂ ಹತ್ತಿಲ್ಲ ಅಂತ. ನಮ್ಮ ಕಸುಬಿನಲ್ಲಿ ಅದಕ್ಕಿಂತ ನಿಜವಾದ ಅಂಕಿ ಇಲ್ಲ. ಅಕ್ಕ ಹತ್ತಲಿಲ್ಲ, ಸೊನ್ನೆ ಹಾಕಿದೆ. ಫೋನು ಹಸಿರಾಯಿತು. "ನೋಡಿದ್ಯಾ, ಸುಳ್ಳೂ ಹೇಳಲಿಲ್ಲ, ಬಾಗಿಲೂ ತೆರೀತು" ಅಂದೆ. ಅಕ್ಕ, "ಎರಡು ಚಕ್ರ ಸೇರಿಸ್ಕೋ" ಅಂದಳು.

ಗುಬ್ಬಿ ಅಲ್ಲಿಂದಲೇ, "ಮಾವ, ಅಮ್ಮನ ತೂಕ ಹಾಕಿದ್ಯಾ?" ಅಂತ ಕೂಗಿದ್ದಳು.

"ಹಾಕಿದೆ ಹಾಕಿದೆ."

ಮೂರನೆಯ ದಿನ ಇಸ್ಪೀಟು ಕಲೆಸುವಾಗ ಅಕ್ಕನ ಬೆರಳು ದಪ್ಪಗಾಗಿತ್ತು. ಎಲೆ ಜಾರುತ್ತಿತ್ತು. ಲಾರಿಯ ಟೈರು ನೋಡಿ ತೂಕ ಹೇಳುವವನು ನಾನು.


ಮಾರ್ಚ್ 8, ಶನಿವಾರ

ಗುಬ್ಬಿ ಹೊಸ ಸಾಮಾನು ಬರೆಯುತ್ತಿದ್ದಾಳೆ. ಭಾಗಾಕಾರಕ್ಕೆ ಒಬ್ಬ ಕಾವಲುಗಾರ. ಇವತ್ತಿನದಾಗಲಿ ನಿನ್ನೆಯದಾಗಲಿ, ಅಂಕಿ ಸೊನ್ನೆಯಾದರೆ ಈ ಕಾವಲುಗಾರ ಲೆಕ್ಕವನ್ನು ತಡೆಯುತ್ತಾನೆ. ಸುಮ್ಮನೆ 'ವ್ಯತ್ಯಾಸ ಇಲ್ಲ' ಅನ್ನುವುದಿಲ್ಲ, 'ಗೊತ್ತಿಲ್ಲ' ಅನ್ನುತ್ತಾನೆ. ಅನ್ನುವುದಷ್ಟೇ ಅಲ್ಲ, ಉತ್ತರದ ಜಾಗವನ್ನು ಖಾಲಿ ಬಿಟ್ಟು, ಖಾಲಿ ಇದೆ ಅಂತ ಗಂಟೆ ಹೊಡೆಯುತ್ತಾನೆ.

ನಾನು ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅರ್ಥವಾಗುತ್ತದೆ ಅಂತಲ್ಲ. ಅವಳ ಮುಂದೆ ತಟ್ಟೆ ಇಟ್ಟರೆ, ನಾನು ಹಿಂದೆ ಇದ್ದರೆ, ನಾಚಿಕೆಗೆ ಎರಡು ತುತ್ತು ತಿನ್ನುತ್ತಾಳೆ.

ಇವತ್ತು ಅವಳೇ ತಲೆ ಕೆರೆದುಕೊಂಡಳು. "ಬರೀ ಸೊನ್ನೆಯನ್ನ ತಡೆದ್ರೆ ಸಾಲ್ದು ಮಾವ. ಸೊನ್ನೆ ಹತ್ತಿರದ ಪುಟಾಣಿ ಅಂಕಿಗಳೂ ಇವೆ. ಯಾರೋ ಹೆಬ್ಬೆರಳು ಇಟ್ಟು ತೆಗೆದ್ರೆ ಯಂತ್ರ ನೂರು ಗ್ರಾಂ ತೋರಿಸ್ತದೆ. ಅದರಿಂದ ಭಾಗಿಸಿದ್ರೆ ಉತ್ತರ ಬೆಟ್ಟ ಆಗಿಬಿಡ್ತದೆ. ಎಲ್ಲಿಯವರೆಗೆ ಸೊನ್ನೆ ಅನ್ನಲಿ, ಎಲ್ಲಿಂದ ತೂಕ ಅನ್ನಲಿ?"

ಇದು ನನ್ನ ಸೀಮೆ! ಎದ್ದು ನಿಂತೆ. "ಲಾರಿ ಇಳಿದು ಹೋದ್ಮೇಲೆ ಕಾಟಾದ ಮೇಲೆ ಕೆಸರು ಉಳೀತದೆ. ಮುಳ್ಳು ಹತ್ತು ಕಿಲೋ, ಇಪ್ಪತ್ತು ಕಿಲೋ ತೋರಿಸ್ತದೆ. ಅದನ್ನ ಲಾರಿ ಅಂತ ಬರೆಯೋಕಾಗ್ತದಾ? ನಾನೊಂದು ಗೆರೆ ಎಳೆದಿದ್ದೆ. ಐವತ್ತರ ಒಳಗಿದ್ರೆ ಗಾಡಿ ಅಲ್ಲ, ಕೆಸರು. ಗುಡಿಸಿ ಮತ್ತೆ ತೂಗು."

"ಆ ಐವತ್ತು ಎಲ್ಲಿಂದ ಬಂತು?"

"ಅದು ಕಾಟಾದ ದೊಡ್ಡಸ್ತಿಕೆ ನೋಡ್ಕೊಂಡು. ಅಕ್ಕಸಾಲಿಗನ ತಕ್ಕಡೀಲಿ ಐವತ್ತು ಕಿಲೋ ಕೆಸರು ಅಂದ್ರೆ ಅಂಗಡೀನೇ ಮುಚ್ಚಿಹೋಗ್ತದೆ."

ಗುಬ್ಬಿ ತಿರುಗಿ ನನ್ನನ್ನು ನೋಡಿದಳು. ಹದಿನೆಂಟು ದಿನದ ಮೇಲೆ ಅವಳ ಮುಖದಲ್ಲಿ ಏನೋ ಅಲುಗಾಡಿತು. "ಸರಿ ಮಾವ. ಗೆರೆಯನ್ನ ಬಳಸೋರೇ ಎಳೀಲಿ, ಅವರವರ ಕಾಟಾಗೆ ತಕ್ಕ ಹಾಗೆ. ಸುಮ್ಮನಿದ್ರೆ ನಾವೊಂದು ಎಳೆದಿರೋಣ" ಅಂತ ಬರೆದುಕೊಂಡಳು. ಪ್ರಪಂಚದಲ್ಲಿ ಎಲ್ಲೆಲ್ಲಿ ಆ ಪೆಟ್ಟಿಗೆ ತೆರೆಯುತ್ತಾರೋ ಅಲ್ಲೆಲ್ಲ ಇನ್ನು ಮುಂದೆ ನನ್ನ ಕೆಸರು ಇರುತ್ತದೆ. ಲೈಬ್ರರಿಯಲ್ಲಿ ಅರ್ಧ ನನ್ನದೇ ಅಂದರೂ ತಪ್ಪಿಲ್ಲ.

ಸಂಜೆ ತಟ್ಟೆ ತೊಳೆಯುವಾಗ ಹೇಳಿದಳು: "ಇದೊಂದು ಮುಗಿಸಿ ಈ ಕೆಲಸ ಬಿಡ್ತೀನಿ. ಅಮ್ಮನ್ನ ಕೊಂದ ಕೈಯಲ್ಲಿ ಇನ್ನೇನು ಬರೀಲಿ?"

ನನ್ನ ಕೈಯಲ್ಲೂ ತಟ್ಟೆ ಇತ್ತು. ಒರೆಸುತ್ತಲೇ ಇದ್ದೆ.


ಮಾರ್ಚ್ 9, ಭಾನುವಾರ

ಹೇಳಿದರೆ ಅವಳ ಪಾಲಿಗೆ ನಾನೂ ಇಲ್ಲ. ಹೇಳದಿದ್ದರೆ ನನಗೆ ಅವಳಿರುತ್ತಾಳೆ, ಆದರೆ ಹೀಗೆ, ಅಮ್ಮನನ್ನು ಕೊಂದದ್ದು ತಾನೇ ಅಂದುಕೊಂಡು.


ಮಾರ್ಚ್ 11, ಮಂಗಳವಾರ

ನರ್ಸಮ್ಮ ಬಂದರು. ಗುಬ್ಬಿ ಆಸ್ಪತ್ರೆಗೆ ಕಾಗದ ಬರೆದಿದ್ದಾಳಂತೆ, ಯಂತ್ರ ಸೊನ್ನೆ ಕಳಿಸುತ್ತದೆ, ದಯವಿಟ್ಟು ಪರೀಕ್ಷೆ ಮಾಡಿ ಅಂತ.

ಅಕ್ಕನ ಕೋಣೆಯ ಮೂಲೆಯಿಂದ ಯಂತ್ರ ಎತ್ತಿ ಕೊಟ್ಟೆ. ಗಾಜಿನ ಮೇಲೆ ಅಕ್ಕನ ಹಿಮ್ಮಡಿಯ ಎರಡು ಮಸುಕು ಗುರುತು. ನರ್ಸಮ್ಮ ಚೀಲದಿಂದ ಬಟ್ಟೆ ತೆಗೆದು ಒರೆಸಿಬಿಟ್ಟರು. ಬೇಡ ಅನ್ನುವಷ್ಟರಲ್ಲಿ ಆಗಿಹೋಗಿತ್ತು.

"ಪರೀಕ್ಷೆ ಆಗೋವರೆಗೂ ಈ ಥರದ ಯಂತ್ರ ಎಲ್ಲಾ ವಾಪಸ್ ತರಿಸ್ತಿದ್ದೀವಿ ಯಜಮಾನ್ರೇ" ಅಂದರು. "ನಲವತ್ತು ಮನೆ. ನನ್ನ ಕಾಲು ಬಿದ್ದುಹೋಯ್ತು."

"ಅಷ್ಟು ಮನೆಯವರು ಅಲ್ಲಿವರೆಗೂ ಏನು ಮಾಡ್ತಾರೆ?"

"ಏನು ಮಾಡೋದು? ಕೆಟ್ಟ ಯಂತ್ರ ನಂಬೋದಕ್ಕಿಂತ ಇಲ್ದೇ ಇರೋದು ವಾಸಿ."

ಅವರು ಅದನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಲಾರಿ ಮಾಲೀಕರು ತಮ್ಮ ಕಳ್ಳತನ ಮುಚ್ಚಲು ಕಾಟಾ ಕೆಟ್ಟಿದೆ ಅಂತ ಕೂಗಾಡುತ್ತಿದ್ದರು. ಅಂಥವರನ್ನು ನಾನು ಕೊರಳಪಟ್ಟಿ ಹಿಡಿದು ಆಚೆ ಹಾಕಿದ್ದೇನೆ. ಸರಿಯಾದ ಕಾಟಾದ ಮೇಲೆ ಸುಳ್ಳು ಹೇಳುವವನಿಗಿಂತ ಕೀಳು ಇಲ್ಲ ಅಂತ ಎಲ್ಲರೆದುರು ಹೇಳಿದ್ದೇನೆ, ಒಂದಲ್ಲ, ನೂರು ಸಲ.


ಮಾರ್ಚ್ 12, ಬುಧವಾರ

ಗುಬ್ಬಿಯ ಕೆಲಸವನ್ನು ಇನ್ನೊಬ್ಬ ಒಪ್ಪಬೇಕಂತೆ, ಆಮೇಲೆಯೇ ಅದು ಪೆಟ್ಟಿಗೆಗೆ ಸೇರುವುದು. ಅವನು ಪರದೆಯಲ್ಲಿ ಬರುತ್ತಾನೆ. ಗಡ್ಡ ಬರುತ್ತದೆ, ಹಿಂದಿನಿಂದ ಮನುಷ್ಯ ಬರುತ್ತಾನೆ. ನಾನು ಗಡ್ಡಪ್ಪ ಅಂತ ಹೆಸರಿಟ್ಟಿದ್ದೇನೆ.

ಗಡ್ಡಪ್ಪ ಒಳ್ಳೆಯವನೇ. ಆದರೆ ಒಪ್ಪಲಿಲ್ಲ. "ಈಗ ಉತ್ತರ ಬರದಿದ್ರೆ 'ವ್ಯತ್ಯಾಸ ಸೊನ್ನೆ' ಅಂತ ಕೊಡ್ತಿದೆ. ನಾಲ್ಕು ವರ್ಷದಿಂದ ಎಲ್ಲರೂ ಅದಕ್ಕೇ ಒಗ್ಗಿಹೋಗಿದಾರೆ. ಇದ್ದಕ್ಕಿದ್ದ ಹಾಗೆ ಖಾಲಿ ಕೊಟ್ರೆ ಎಷ್ಟೋ ಜನರ ಲೆಕ್ಕ ನಿಂತುಹೋಗ್ತದೆ. ಸೊನ್ನೇನೇ ಇರ್ಲಿ ಬಿಡು. ಏನು ನಷ್ಟ?"

ಗುಬ್ಬಿ ಪರದೆಯಿಂದ ಮುಖ ತಿರುಗಿಸಿದಳು. ಏನು ನಷ್ಟ ಅಂತ ಅವಳು ಹೇಗೆ ಹೇಳಿಯಾಳು?

ನಾನು ಕುರ್ಚಿ ಸಮೇತ ಮುಂದೆ ಜರುಗಿದೆ. "ಏನಪ್ಪಾ ಗಡ್ಡ, ಒಂದು ಮಾತು ಕೇಳ್ತೀಯಾ?"

"ಹೇಳಿ ಅಂಕಲ್."

"ಆರನೇ ಕ್ಲಾಸಲ್ಲಿ ಗಣಿತದ ಪರೀಕ್ಷೆ ದಿನ ನಮ್ಮಕ್ಕನಿಗೆ ಕೆಂಡದಂಥ ಜ್ವರ. ಮನೇಲಿ ಯಾರೂ ಇಲ್ಲ. ನಾನು ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತೆ, ಪರೀಕ್ಷೆಗೆ ಹೋಗ್ಲಿಲ್ಲ. ಮೇಷ್ಟ್ರು ಏನು ಮಾಡಿದ್ರು? ಗೈರುಹಾಜರಿ ಅಂತ ಬರೀದೆ ಸೊನ್ನೆ ಹಾಕಿದ್ರು. ಅಪ್ಪ ಸೊನ್ನೆ ನೋಡಿ ಬೆಲ್ಟು ಬಿಚ್ಚಿದ್ರು. ಅಕ್ಕ ಹಾಸಿಗೆಯಿಂದ ಎದ್ದು ಬಂದು ಅಡ್ಡ ನಿಂತಳು. 'ಹೊಡೀಬೇಡಪ್ಪ, ಅವನು ಹೋಗೇ ಇಲ್ಲ. ಹೋಗಿದ್ರೆ ಐದಾದ್ರೂ ಬರ್ತಿತ್ತು' ಅಂದಳು."

ಗಡ್ಡ ನಕ್ಕಿತು. ನಾನು ಬಿಡಲಿಲ್ಲ. "ಬರೆದು ಸೊನ್ನೆ ತಗೊಂಡೋನೂ ಬರೀದೇ ಇರೋನೂ ಒಂದೇನಾ? ದಡ್ಡನಿಗೆ ಪಾಠ ಹೇಳ್ಕೊಡ್ಬೇಕು. ಬಾರದವನ ಮನೆಗೆ ಹೋಗಿ ಯಾಕೋ ಬರ್ಲಿಲ್ಲ ಅಂತ ಕೇಳ್ಬೇಕು. ಎರಡಕ್ಕೂ ಸೊನ್ನೆ ಹಾಕಿದ್ರೆ ಮನೆಗೆ ಹೋಗಿ ಕೇಳೋರು ಯಾರು?"

ಗಡ್ಡಪ್ಪ ಗಡ್ಡ ಕೆರೆದುಕೊಂಡ. "ಹಳೇದು ಹಾಗೇ ಇರ್ಲಿ, ಆದ್ರೆ ಅದನ್ನ ಮುಟ್ಟಿದೋರಿಗೆಲ್ಲ ಎಚ್ಚರಿಕೆ ಹೋಗ್ಲಿ. ಹೊಸದನ್ನ ಪಕ್ಕದಲ್ಲಿಡು. ಆದ್ರೆ ಒಂದು ನಿಜವಾದ ಉದಾಹರಣೆ ಹಾಕಿ ಪರೀಕ್ಷೆ ಮಾಡಿ ತೋರಿಸು, ಒಪ್ತೀನಿ" ಅಂದ.

ಗೆದ್ದೆ! ಏಳನೆಯ ತರಗತಿಯವನು ಪದವೀಧರನ ಗಡ್ಡ ಹಿಡಿದು ಬಗ್ಗಿಸಿದೆ. ಎದ್ದು ಮೈ ಮುರಿಯುತ್ತಿದ್ದಾಗ ಗುಬ್ಬಿ ನನ್ನ ಕೈ ಹಿಡಿದುಕೊಂಡಳು.

"ನೀನಿಲ್ದಿದ್ರೆ ನಾನು ಏನಾಗ್ತಿದ್ನೋ ಮಾವ. ಬಾರದವನಿಗೆ ಸೊನ್ನೆ ಹಾಕೋದು ಪಾಪ. ಎಷ್ಟು ಸರಿಯಾಗಿ ಹೇಳಿದೆ."

ಅಂಗಡಿಗೆ ಹೋಗಿಬರುತ್ತೇನೆ ಅಂತ ಹೊರಟೆ. ಮೂರು ಬೀದಿ ಸುತ್ತಿ ಬರಿಗೈಲಿ ಬಂದೆ.


ಮಾರ್ಚ್ 14, ಶುಕ್ರವಾರ

ಬೀದಿ ಕೊನೆಯ ದರ್ಜಿಗೂ ಅಕ್ಕನದೇ ಕಾಯಿಲೆ. ಪ್ಯಾಂಟಿನ ಗುಂಡಿ ಹಾಕಿಸಲು ಹೋದರೆ ಹೊಲಿಗೆ ಯಂತ್ರದ ಹಿಂದೆ ಕಾಲು ಚಾಚಿ ಕೂತಿದ್ದ.

"ನನ್ನ ತೂಕದ ಯಂತ್ರಾನೂ ಎತ್ಕೊಂಡ್ಹೋದ್ರು ಕಾಟಾ ಮಾವ. ಯಾರ ಮನೇಲೋ ಕೆಟ್ಟಿತ್ತಂತೆ, ಎಲ್ಲರದ್ದೂ ಹೋಯ್ತು."

"ಮತ್ತೆ ಹೇಗೆ ನೋಡ್ಕೋತೀಯ?"

"ಹೀಗೆ" ಅಂತ ಹೆಬ್ಬೆರಳಿನಿಂದ ಮೊಣಕಾಲ ಕೆಳಗೆ ಒತ್ತಿ ತೆಗೆದ. ಹಿಟ್ಟಿಗೆ ಒತ್ತಿದ ಹಾಗೆ ಗುಳಿ ಬಿತ್ತು. ಇಬ್ಬರೂ ನೋಡುತ್ತ ಕೂತೆವು. ಗುಳಿ ತುಂಬಲಿಲ್ಲ. "ಮೊನ್ನೆ ಇಷ್ಟು ಇರ್ಲಿಲ್ಲ ಅನ್ಸುತ್ತೆ" ಅಂದ. "ಅಥವಾ ಇತ್ತೇನೋ. ಅಂಕಿ ಇಲ್ದೆ ಹೇಗೆ ಹೇಳೋದು? ಬಿಡು, ನಿನ್ನ ಗುಂಡಿ ಕೊಡು."

ಗುಂಡಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವನನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೇರಿಸಿಕೊಂಡರು. ನರ್ಸಮ್ಮ, "ಒಳ್ಳೇ ಸಮಯಕ್ಕೆ ಕರ್ಕೊಂಡು ಬಂದ್ರಿ. ಇನ್ನೆರಡು ದಿನ ಬಿಟ್ಟಿದ್ರೆ ಕಷ್ಟ ಇತ್ತು" ಅಂದರು.

ಹೊಗಳಿದರೆ ಹಿಗ್ಗುವವನು ನಾನು. ಅಲ್ಲಿ ನಿಲ್ಲಲಾಗಲಿಲ್ಲ.


ಮಾರ್ಚ್ 15, ಶನಿವಾರ

ಹೇಳಿದೆ.

ಬೆಳಿಗ್ಗೆ ಹತ್ತು ಗಂಟೆ. ಗುಬ್ಬಿ ಆ ಮೂರು ಸೊನ್ನೆಗಳನ್ನೇ ಉದಾಹರಣೆಯಾಗಿ ಹಾಕುತ್ತಿದ್ದಳು. "ಯಂತ್ರ ಕೆಟ್ಟಾಗ ಬಂದ ಅಂಕಿಗಳು" ಅಂತ ಪಕ್ಕದಲ್ಲಿ ಬರೆಯುತ್ತಿದ್ದಳು.

"ಹಾಗೆ ಬರೀಬೇಡ" ಅಂದೆ.

"ಯಾಕೆ?"

"ಯಂತ್ರ ಕೆಟ್ಟಿರ್ಲಿಲ್ಲ ಗುಬ್ಬೀ. ನಿಮ್ಮಮ್ಮ ಹತ್ತಲೇ ಇಲ್ಲ. ನಾನೇ ಸೊನ್ನೆ ಒತ್ತಿದ್ದು. ಮೂರು ದಿನ."

ಅವಳು ತಿರುಗಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು.

"ನಾನು ಕೇಳಿದಾಗ ಹಾಕಿದೆ ಅಂದೆಯಲ್ಲ."

"ಹಾಕಿದೆ. ಸೊನ್ನೆ ಹಾಕಿದೆ."

"ಹತ್ತು ದಿನದಿಂದ ನನ್ನ ಹಿಂದೇನೇ ಕೂತಿದ್ದೆ."

"ಹೂಂ."

"ನಾನು ಅಮ್ಮನ್ನ ಕೊಂದೆ ಅಂತ ಅಂದಾಗ್ಲೂ."

ಅವಳು ಪರದೆ ಆರಿಸಿದಳು, ಎದ್ದಳು, ಅಕ್ಕನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಧಡಾರನೆ ಹಾಕಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹಾಕಿದಳು.

ನಾನು ಆಸ್ಪತ್ರೆಗೆ ನಡೆದು ಹೋಗಿ ನರ್ಸಮ್ಮನಿಗೂ ಹೇಳಿದೆ. ಯಂತ್ರ ಸರಿ ಇದೆ, ನಲವತ್ತೂ ಸರಿ ಇವೆ, ಕೆಟ್ಟವನು ನಾನು ಅಂತ. ಅವರು ಬೈಯಲಿಲ್ಲ. ಒಂದು ಹಾಳೆ ಕೊಟ್ಟು, "ಬರೆದುಕೊಡಿ ಯಜಮಾನ್ರೇ" ಅಂದರು. ಬರೆದೆ. ಸಹಿ ಮಾಡುವಾಗ ಮೂವತ್ತೊಂದು ವರ್ಷದ ಅದೇ ಸಹಿ ಬಂತು, ಕೆಳಗೆ ಎರಡು ಗೆರೆ.


ಮಾರ್ಚ್ 16, ಭಾನುವಾರ

ಅವಳ ತಟ್ಟೆ ಬಾಗಿಲ ಹೊರಗೆ ಇಟ್ಟೆ. ಸಂಜೆಯೂ ಅಲ್ಲೇ ಇತ್ತು.


ಮಾರ್ಚ್ 17, ಸೋಮವಾರ

ತಟ್ಟೆ ಅರ್ಧ ಖಾಲಿ.


ಮಾರ್ಚ್ 19, ಬುಧವಾರ

ಮಧ್ಯಾಹ್ನ ಹಜಾರದಿಂದ ದನಿ ಬಂತು. "ಕುರ್ಚಿ ತಗೊಂಡು ಬಾ."

ಮೊದಲಿನಂತೆ ಹಿಂದೆ ಹಾಕಿಕೊಂಡೆ. "ಅಲ್ಲಲ್ಲ, ಪಕ್ಕಕ್ಕೆ" ಅಂದಳು. ಕಣ್ಣು ಊದಿತ್ತು.

"ಉದಾಹರಣೆಗೆ ನಿಜ ಬೇಕು. ಆ ಮೂರು ದಿನ ಏನೇನಾಯ್ತು, ಒಂದೂ ಬಿಡದೆ ಹೇಳು."

ಹೇಳಿದೆ. ಕಾಲು ನೋವು, ಇಸ್ಪೀಟು, ಪಂಥ, ಕೆಂಪು ಕಣ್ಣು ಬಿಡುವ ಫೋನು. ಬೆರಳು ದಪ್ಪಗಾದದ್ದನ್ನೂ ಹೇಳಿದೆ.

"ಯಾರು ಗೆದ್ದಿದ್ದು?"

"ಅವಳೇ. ಮೂರೂ ದಿನ."

"ಮೋಸ ಮಾಡಿರ್ತಾಳೆ."

"ದಿಂಬಿನ ಕೆಳಗೆ ಎಕ್ಕ ಇಟ್ಕೊಂಡಿದ್ದಳು. ಹಾಸಿಗೆ ಎತ್ತಿದಾಗ ಸಿಕ್ತು."

"ನಕ್ಕಳಾ? ಆಡ್ವಾಗ?"

"ನಕ್ಕಳು. ಕೆಮ್ಮು ಬರೋವರೆಗೂ ನಕ್ಕಳು. ನೀನೆಲ್ಲಿ ಕೇಳಿಸ್ಕೋತೀಯೋ ಅಂತ ಬಾಯಿಗೆ ಸೆರಗು ಹಿಡ್ಕೊಂಡು."

ಗುಬ್ಬಿ ಮೇಜಿನ ಮೇಲೆ ತಲೆ ಇಟ್ಟಳು. ಅವಳ ಬೆನ್ನ ಮೇಲೆ ಕೈ ಇಡಲು ಹೋದೆ, ನಡುದಾರಿಯಲ್ಲಿ ನಿಲ್ಲಿಸಿದೆ. ಆ ಹಕ್ಕು ಇನ್ನೂ ಇದೆಯೋ ಇಲ್ಲವೋ. ಬಹಳ ಹೊತ್ತಿನ ಮೇಲೆ ಅವಳೇ ಎದ್ದು ಮುಖ ಒರೆಸಿಕೊಂಡಳು.

"ನಾನು ಆಚೆ ಕೋಣೇಲೇ ಇದ್ದೆ ಮಾವ. ಕಿವಿಗೆ ಹಾಕ್ಕೊಂಡು."

ಆಮೇಲೆ ಅಕ್ಕನ ಅಂಕಿಗಳನ್ನು ಹಾಕಿ ಹೊಸ ಸಾಮಾನನ್ನು ಓಡಿಸಿದಳು. ಹತ್ತನೆಯ ತಾರೀಖು ಸರಿ. ಹನ್ನೊಂದು: ಗೊತ್ತಿಲ್ಲ, ಕೇಳಿ. ಹನ್ನೆರಡು: ಗೊತ್ತಿಲ್ಲ, ಕೇಳಿ. ಹದಿಮೂರು, ಅದೇ. ಹದಿನಾಲ್ಕು: ನಿನ್ನೆ ಖಾಲಿ, ಗೊತ್ತಿಲ್ಲ, ಕೇಳಿ.

ಇಬ್ಬರೂ ಹನ್ನೊಂದರ ಸಾಲನ್ನೇ ನೋಡುತ್ತಿದ್ದೆವು. ಆ ಮಂಗಳವಾರ ಬೆಳಿಗ್ಗೆಯೇ ನರ್ಸಮ್ಮನ ಫೋನು ಬರುತ್ತಿತ್ತು. ಮೊದಲ ದಿನದ ಆಟದ ಎಲೆ ಎತ್ತಿಡುವಷ್ಟರಲ್ಲಿ.

"ಬಂದಿದ್ರೆ ನೀನೇನು ಹೇಳ್ತಿದ್ದೆ?" ಅಂತ ಕೇಳಿದಳು.

ಏನಾದರೂ ಚೆಂದದ ಮಾತು ಹೇಳಬಹುದಿತ್ತು. "ಗೊತ್ತಿಲ್ಲ" ಅಂದೆ.

ಯಂತ್ರ ಕೆಟ್ಟಾಗ ಅನ್ನುವುದನ್ನು ಅವಳು ಅಳಿಸಿದಳು. ಅಲ್ಲಿ "ಯಾರೂ ತೂಗದ ಮೂರು ದಿನ" ಅಂತ ಬರೆದಳು.


ಮಾರ್ಚ್ 22, ಶನಿವಾರ

ಗಡ್ಡಪ್ಪ ಒಪ್ಪಿದ. ಹೊಸ ಸಾಮಾನು ಪೆಟ್ಟಿಗೆಗೆ ಸೇರಿತು. ಗುಬ್ಬಿ ಒಂದು ಗುಂಡಿ ಒತ್ತಿದಳು, ಅಷ್ಟೆ. ಇಷ್ಟಕ್ಕಾ ಅನ್ನಿಸಿತು. ಲಾರಿ ಇಳಿದಾಗ ಕಾಟಾ ಒಂದು ಸಲ ಉಸಿರು ಬಿಡುತ್ತದೆ. ಇದು ಅದೂ ಬಿಡಲಿಲ್ಲ. ಆಸ್ಪತ್ರೆಯವರು ಇನ್ನೊಂದು ವಾರದಲ್ಲಿ ಹೊಸದಕ್ಕೆ ಬದಲಾಯಿಸುತ್ತಾರಂತೆ. ಫೋನಿನಲ್ಲೂ "ಇವತ್ತು ತೂಗಿಲ್ಲ" ಅನ್ನುವ ಗುಂಡಿ ಬರುತ್ತದಂತೆ. ಕೆಂಪು ಕಣ್ಣು ಬಿಡುವುದಿಲ್ಲವಂತೆ.

ಯಂತ್ರಗಳು ಮನೆ ಮನೆಗೆ ವಾಪಸಾದವು. ಅಕ್ಕನದನ್ನು ದರ್ಜಿಗೆ ಕೊಡಿ ಅಂತ ನಾವೇ ಹೇಳಿದೆವು; ಅವನ ಹಳೆಯದು ಇನ್ನಾರಿಗೋ ಹೋಗಿದೆ. ಅವನು ಮನೆಗೆ ಬಂದಿದ್ದಾನೆ, ಐದು ಕಿಲೋ ನೀರು ಇಳಿಸಿದ್ದಾರೆ. ದಿನಾ ಬೆಳಿಗ್ಗೆ ಹೋಗಿ ಅವನು ಹತ್ತಿ ನಿಲ್ಲುವುದನ್ನು ನೋಡಿಕೊಂಡು ಬರುತ್ತೇನೆ. "ಇವತ್ತು ಬೇಡ ಮಾವ" ಅಂತ ನಿನ್ನೆ ನುಲಿದ. ಇಸ್ಪೀಟಿನ ಆಸೆ ತೋರಿಸಿದ. ಪಂಥ ಗಿಂಥ ಇಲ್ಲ, ಹತ್ತು ಅಂದೆ. ಹತ್ತಿದ. ಆಮೇಲೆ ಆಡಿದೆವು. ಸೋತೆ.

ಮಧ್ಯಾಹ್ನ ಗುಬ್ಬಿ, ನಾನು ಸೇರಿ ಅಕ್ಕನ ಚಪ್ಪಲಿ ಒಳಗಿಟ್ಟೆವು. ಎಡಗಾಲಿನದು ಹೆಚ್ಚು ಸವೆದಿತ್ತು. ಇಬ್ಬರಿಗೂ ಇದುವರೆಗೆ ಅದು ಗೊತ್ತಿರಲಿಲ್ಲ.

"ಕೆಲಸ ಬಿಡ್ತೀಯಾ?" ಅಂತ ಕೇಳಿದೆ.

"ಇನ್ನೂ ಗೊತ್ತಿಲ್ಲ."

"ಬಿಡಬೇಡ. ನನ್ನ ಕೆಸರು ಕಾಯೋರು ಯಾರು? ಅರ್ಧ ಲೈಬ್ರರಿ ಕಟ್ಟಿಕೊಟ್ಟಿದೀನಿ."

"ಎರಡು ಚಕ್ರ ಸೇರಿಸ್ಕೋ" ಅಂದಳು. ಅಂದವಳೇ ತಡೆದಳು. ಆ ಮಾತು ಯಾರದು ಅಂತ ಇಬ್ಬರಿಗೂ ಗೊತ್ತಿತ್ತು.

ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಗುಬ್ಬೀ, ನನ್ನ ಮೇಲೆ ಕೋಪ ಇದೆಯಾ?"

"ಇದೆ."

"ಎಷ್ಟು?"

ಅವಳು ಚಪ್ಪಲಿಯ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದಳು. ಒರೆಸಿ, ಜೋಡಿ ಸರಿಮಾಡಿ, ಕಪಾಟಿನ ಬಾಗಿಲು ಹಾಕಿದಳು.

"ತೂಗಿ ನೋಡಿಲ್ಲ ಮಾವ" ಅಂದಳು. "ಬಾ, ಊಟ ಮಾಡೋಣ. ಇಬ್ಬರಿಗೂ ಹಾಕ್ತೀನಿ."

ನಿವ್ವಳ: